ಕಳ್ಳ ಪ್ರಿಂಟಿನಲ್ಲಿ ಕೂಗಿದ ಕುರಿಮರಿ

ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತವರಿಗೆ ಒಳಗೆ ಓಡುವ ಚಿತ್ರ ನೋಡಲು ಪುರುಸೊತ್ತಿರುವುದಿಲ್ಲ, ಅದರ ಅಗತ್ಯವೂ ಬೀಳುವುದಿಲ್ಲ. ಕಿಂಡಿಯಲ್ಲಿ ಮುಖ ತೂರಿಸುವವರೇ ದಿನಕ್ಕೊಂದು ಕಥೆ ತಂದು ಒಪ್ಪಿಸಿ ಹೋಗುತ್ತಾರೆ.

ನಮ್ಮದು ಮೇಚೇರಿ ಸಂತೆಗೆ ಹತ್ತಿರದ ಒಂದು ಹಳೇ ಟಾಕೀಸು. ಸೇಲಂ ಜಿಲ್ಲೆಯಾದ್ದರಿಂದ ಓಡುವುದು ತಮಿಳು ಪಡ. ಸಿನಿಮಾಕ್ಕೆ ನಾವೂ ಪಡ ಅಂತಲೇ ಅನ್ನುವುದು. ಆದರೆ ಒಳಗೆ ಕೂತವರಲ್ಲಿ ಹೆಚ್ಚಿನವರು ಮನೆಯಲ್ಲಿ ಕನ್ನಡ ಆಡುವವರು. ತಮಿಳು ಪಡಕ್ಕೆ ಕನ್ನಡದಲ್ಲಿ ಅಳುವ ಊರು ನಮ್ಮದು. ನಾನು ಹೊಸೂರಿನ ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿತದ್ದರಿಂದ ಇಷ್ಟಾದರೂ ಬರೆಯುತ್ತಿದ್ದೇನೆ. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಕಿಂಡಿ ನನ್ನದು, ಬೈಗುಳವೂ ನನ್ನದು.

ಈ ಟಾಕೀಸು ಈಚೆಗೆ ಮುಚ್ಚಿಹೋಗುವುದರಲ್ಲಿತ್ತು. ಶುಕ್ರವಾರ ಬೆಳಿಗ್ಗೆ ಪಡ ಬಂದರೆ ಮಧ್ಯಾಹ್ನಕ್ಕೆಲ್ಲ ಅದು ಪುಕ್ಕಟೆ ಸೈಟುಗಳಲ್ಲಿ ಇಳಿದು ಎಲ್ಲರ ಫೋನಿಗೂ ಬಂದು ಕೂತಿರುತ್ತಿತ್ತು. ನಮ್ಮ ಮೊದಲಾಳಿ, ಅಂದರೆ ಟಾಕೀಸಿನ ಯಜಮಾನರು, ಖಾಲಿ ಬೆಂಚು ನೋಡಿ ನೋಡಿ ಸಾಕಾಗಿ ಒಂದು ದಿನ ಹೇಳಿಬಿಟ್ಟರು: "ದೀಪಾವಳಿ ಪಡ ಓಡ್ಲಿಲ್ಲ ಅಂದ್ರೆ ಇದನ್ನ ಕಲ್ಯಾಣ ಮಂಟಪ ಮಾಡಿಬಿಡ್ತೀನಮ್ಮ." ಅಡುಗೆಯವನೊಬ್ಬ ಆಗಲೇ ಬಂದು ಪರದೆಯ ಹಿಂದೆ ಒಲೆ ಎಲ್ಲಿ ಹೂಡುವುದೆಂದು ಅಳತೆ ಹಿಡಿದು ಹೋಗಿದ್ದ. ಮಂಟಪಕ್ಕೆ ಟಿಕೆಟ್ ಕಿಂಡಿ ಯಾಕೆ ಬೇಕು?

ಸರ್ಟಿಫಿಕೇಟು

ಅಷ್ಟರಲ್ಲಿ ಸರ್ಕಾರ ಎಚ್ಚೆತ್ತು ಆ ಸೈಟುಗಳಿಗೆ ಬೀಗ ಹಾಕತೊಡಗಿತು. ಒಂದನ್ನು ಮುಚ್ಚಿದರೆ ಅದು ಹೆಸರಿನ ಕೊನೆಗೆ ಇನ್ನೊಂದು ಅಕ್ಷರ ಅಂಟಿಸಿಕೊಂಡು ಮಾರನೆಯ ದಿನ ಹಾಜರಾಗುತ್ತಿತ್ತು. ಸರ್ಕಾರ ಅದನ್ನೂ ಮುಚ್ಚುತ್ತಿತ್ತು. ಈ ಹಠ ನೋಡಿ ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಸರ್ಕಾರದ ಮೇಲೆ ಅಕ್ಕರೆ ಹುಟ್ಟಿತು.

ಆಗೊಂದು ದಿನ ಟಾಕೀಸಿನ ಎದುರು ಮನೆಯ ಮಾವ ಕಿಂಡಿಗೆ ಬಂದರು. ಎದುರು ಮನೆಯಲ್ಲಿದ್ದರೂ ನಮ್ಮಲ್ಲಿ ಪಡ ನೋಡಿ ಎಷ್ಟೋ ಕಾಲವಾಗಿತ್ತು. ಮೊಮ್ಮಗಳ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಅಮ್ಮಿ, ಈ ಪಡ ಎಷ್ಟೊತ್ತಿಂದು?"

"ಎರಡೂವರೆ ಗಂಟೆ ಇರ್ಬೌದು ಮಾವ. ಯಾಕೆ?"

"ನೆನ್ನೆ ಮಧ್ಯಾನದಿಂದ ಸರ್ಟಿಫಿಕೇಟೇ ಓಡ್ತಾ ಐತೆ."

ಫೋನು ಈಸಿಕೊಂಡು ನೋಡಿದೆ. ಸರ್ಕಾರದ ಆದೇಶದಂತೆ ಈ ಸೈಟನ್ನು ತಡೆಹಿಡಿಯಲಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದ ನೋಟೀಸು, ಮೇಲೊಂದು ಮುದ್ರೆ. ಮಾವನ ತಪ್ಪೇನಿಲ್ಲ. ಪಡಕ್ಕೆ ಮುಂಚೆ ಇಂಗ್ಲಿಷಿನಲ್ಲಿ ಮುದ್ರೆ ಹಾಕಿಕೊಂಡು ಬರುವುದು ಸೆನ್ಸಾರ್ ಸರ್ಟಿಫಿಕೇಟೇ ಅಲ್ಲವೇ?

"ಸರ್ಟಿಫಿಕೇಟೇ ಇಷ್ಟುದ್ದ ಇದ್ರೆ ಪಡ ಇನ್ನೆಷ್ಟು ದೊಡ್ದಿರ್ಬೌದು ಅಂತ ಮನೇರೆಲ್ಲ ಚಾಪೆ ಆಕ್ಕೊಂಡು ಕೂತೀವಿ" ಅಂದರು.

"ಮಾವಾ, ಅದು ಸರ್ಕಾರ ಸೈಟ್ ಮುಚ್ಚೈತೆ ಅನ್ನೋ ನೋಟೀಸು. ಪಡ ಬರಲ್ಲ."

ಮಾವ ಫೋನನ್ನು ಒಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಇಂಟರ್ವಲ್ ಆದ್ಮೇಲೂ ಬರಲ್ವಾ?" ಅಂದರು.

ಕುರಿ ಟೋಕನು

ಮುಂದಿನದು ತಿಳಿಯಬೇಕಾದರೆ ನಮ್ಮ ಟಾಕೀಸಿನ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ಮೇಚೇರಿ ಅಂದರೆ ಕುರಿ. ಸಂತೆಯ ದಿನ ಬೆಳಿಗ್ಗೆ ಕುರಿ ಕೊಂಡವರು, ಮಾರಲಾಗದೆ ಉಳಿದವರು, ಸುಮ್ಮನೆ ತೋರಿಸಲು ತಂದವರು, ಎಲ್ಲರೂ ಮಧ್ಯಾಹ್ನದ ಆಟಕ್ಕೆ ನಮ್ಮಲ್ಲಿಗೇ ಬರುವುದು. ಕುರಿಯನ್ನು ಎಲ್ಲಿ ಬಿಡುತ್ತಾರೆ ಪಾಪ? ಅದಕ್ಕೇ ಮೊದಲಾಳಿಯ ಅಪ್ಪನ ಕಾಲದಿಂದಲೂ ಸೈಕಲ್ ಸ್ಟ್ಯಾಂಡಿನ ಅರ್ಧ ಭಾಗ ಕುರಿಗಳಿಗೆ. ಒಂದು ಟೋಕನು ಕುರಿಯ ಕೊರಳಿಗೆ, ಇನ್ನೊಂದು ಯಜಮಾನನ ಕೈಗೆ. ಹಾಲು ಬಿಡದ ಮರಿಯಾದರೆ ಮಡಿಲಲ್ಲಿಟ್ಟುಕೊಂಡು ಒಳಗೇ ಹೋಗಬಹುದು. ಕೈಗೂಸಿಗೆ ಟಿಕೆಟ್ ಇಲ್ಲವಲ್ಲ, ಅದೇ ಲೆಕ್ಕ.

ಒಮ್ಮೆ ಒಬ್ಬಾತ ಆಟ ಮುಗಿದ ಮೇಲೆ ಟೋಕನು ಕಳೆದುಕೊಂಡು ಬಂದು ನಿಂತ. ಕುರಿಯೂ ತನ್ನ ಕೊರಳಿನ ಟೋಕನು ಹಗ್ಗದ ಸಮೇತ ತಿಂದು ಮುಗಿಸಿತ್ತು. ಯಾವುದು ನಿಂದು ಅಂತ ಹೆಂಗೆ ನಂಬಲಿ ಎಂದೆ.

"ನಾ ಕೂಗ್ತೀನಿ ನೋಡಕ್ಕಾ" ಎಂದವನೇ ನಾಲಿಗೆ ಮಡಿಚಿ ಒಂದು ಕೂಗು ಹಾಕಿದ. ಸ್ಟ್ಯಾಂಡಿನಲ್ಲಿದ್ದ ಕುರಿಗಳೆಲ್ಲ ಒಟ್ಟಿಗೆ 'ಮೇ' ಅಂದವು. ಮೂಲೆಯಲ್ಲಿ ಒಂದು ಮಾತ್ರ ಗೋಡೆಯ ಕಡೆ ಮುಖ ಮಾಡಿಕೊಂಡು ಸುಮ್ಮನಿತ್ತು.

"ಅದೇ ನಂದು" ಅಂದ. "ಉಟ್ಟಿದಾಗಿಂದ ನನ್ ಮಾತು ಕೇಳಿದ್ದೇ ಇಲ್ಲ."

ಆಸ್ಪತ್ರೆಯಲ್ಲಿ ಕುರಿ

ಒಂದು ಮಧ್ಯಾಹ್ನ ಪೊಲೀಸ್ ಜೀಪು ಬಂದು ನಿಂತಿತು. ಇಳಿದವರು ಸೇಲಂ ಸೈಬರ್ ವಿಭಾಗದ ಇನ್ಸ್‌ಪೆಕ್ಟರಮ್ಮ. ತಿರುನೆಲ್ವೇಲಿ ಕಡೆಯವರು, ಆಡುವುದು ತಮಿಳು ಮಾತ್ರ, ಸಣ್ಣ ಮೈಕಟ್ಟು, ಕಿವಿಯಲ್ಲಿ ಸದಾ ಒಂದು ಇಯರ್‌ಫೋನು. ನನ್ನ ಮುಂದೆ ಒಂದು ಫೋನಿಟ್ಟು, ಅದನ್ನು ನೋಡಲು ಹೇಳಿದರು.

ಆ ತಿಂಗಳು ಬಂದಿದ್ದ ಆಸ್ಪತ್ರೆ ಪಡದ ಕಳ್ಳ ಪ್ರಿಂಟು. ಯಾರೋ ಟಾಕೀಸಿನಲ್ಲಿ ಕೂತು ಫೋನಿನಲ್ಲಿ ಹಿಡಿದದ್ದು. ಚೆನ್ನೈನ ದೊಡ್ಡ ಆಸ್ಪತ್ರೆ, ಹೀರೋಯಿನ್ನಿನ ಮೂಗಿಗೆ ನಳಿಕೆ, ಹೀರೋ ಅವಳ ಕೈ ಹಿಡಿದಿದ್ದಾನೆ, ಸಂಗೀತ ಕೂಡ ನಿಂತುಹೋಗಿದೆ. ಆ ಮೌನದಲ್ಲಿ ಒಂದು 'ಮೇ'. ಅದರ ಬೆನ್ನಿಗೇ ಯಾವುದೋ ಗಂಡು ದನಿ: "ಲೇ, ಅದ್ರ ಬಾಯ್ ಮುಚ್ಚಲೇ, ಎಣ್ಣು ಸಾಯ್ತಾ ಐತೆ!"

ನನಗೆ ನಗು ತಡೆಯಲಾಗಲಿಲ್ಲ. ಇನ್ಸ್‌ಪೆಕ್ಟರಮ್ಮ ನಗಲಿಲ್ಲ. ಅವರು ಈ ಚೂರನ್ನು ದಿನಗಟ್ಟಲೆ ಕೇಳಿದ್ದರಂತೆ. ಮೇಲಧಿಕಾರಿಗಳು ಕುರಿ ಪಡದ್ದೇ ಇರಬೇಕು ಬಿಡಿ ಎಂದಾಗ ಇವರು ನಿರ್ದೇಶಕರಿಗೇ ಫೋನ್ ಮಾಡಿ, "ಸಾರ್, ನಿಮ್ಮ ಐಸಿಯುನಲ್ಲಿ ಕುರಿ ಏನಾದರೂ ಇಟ್ಟಿದ್ದಿರಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡಿದ್ದರು. ಆತ ಕೋಪದಿಂದ ಫೋನಿಟ್ಟನಂತೆ. ಆಮೇಲೆ ಆ ಗಂಡು ದನಿಯದು ಕನ್ನಡವೆಂದು ಯಾರೋ ಹೇಳಿದ್ದರು. ಕನ್ನಡದವರಿರುವ ಕಡೆ, ಕುರಿ ಒಳಗೆ ಬಿಡುವ ಟಾಕೀಸು. ಅಷ್ಟನ್ನೇ ಹಿಡಿದುಕೊಂಡು ಧರ್ಮಪುರಿ, ನಲ್ಲಂಪಳ್ಳಿ, ಮಾರಂಡಹಳ್ಳಿ ಎಲ್ಲಾ ಸುತ್ತಿ, ಸಿಕ್ಕಸಿಕ್ಕ ಮ್ಯಾನೇಜರುಗಳನ್ನು "ನಿಮ್ಮಲ್ಲಿ ಕುರಿ ಪಡ ನೋಡ್ತವಾ?" ಎಂದು ಕೇಳಿ ಬೈಸಿಕೊಂಡು ನಮ್ಮಲ್ಲಿಗೆ ಬಂದಿದ್ದರು.

ಒಂದು ಕುರಿಯ ಕೂಗಿನ ಹಿಂದೆ ಎರಡು ಜಿಲ್ಲೆ ಅಲೆದ ಹೆಣ್ಣುಮಗಳನ್ನು ನಾನು ಬೆರಗಾಗಿ ನೋಡಿದೆ. ಆದರೂ ಟಾಕೀಸಿನ ಮಾನ ಉಳಿಸಬೇಕಲ್ಲ. "ಮೇಡಂ, ಕುರಿ ಕೂಗಿದ ಮಾತ್ರಕ್ಕೆ ಅದು ನಮ್ಮ ಟಾಕೀಸೇ ಅಂತ ಹೆಂಗೆ ಹೇಳ್ತೀರಿ?" ಎಂದೆ.

ಅವರು ನನ್ನ ತಲೆಯ ಮೇಲಕ್ಕೆ ಬೆರಳು ತೋರಿಸಿದರು. ಮೇಲೆ ಬೋರ್ಡು. 'ಕುರಿಗಳನ್ನು ಒಳಗೆ ಬಿಡುವುದಿಲ್ಲ. ಮರಿಗಳಿಗೆ ವಿನಾಯಿತಿ ಉಂಟು.'

ಕಲಿತ ಒಂದೇ ಕನ್ನಡ

ವಿಷಯ ಸಣ್ಣದಲ್ಲ ಎಂದು ಆಮೇಲೆ ತಿಳಿಯಿತು. ಕಳ್ಳ ಪ್ರಿಂಟು ನಮ್ಮಲ್ಲಿಂದಲೇ ಹೋದದ್ದೆಂದು ಗೊತ್ತಾದ ಕೂಡಲೇ, ಕಳ್ಳ ಸಿಗುವವರೆಗೆ ದೀಪಾವಳಿ ಪಡ ಕೊಡುವುದಿಲ್ಲ ಎಂದು ವಿತರಕರು ಹೇಳಿಬಿಟ್ಟರು. ಪಡ ಇಲ್ಲದಿದ್ದರೆ ಟಾಕೀಸಿಲ್ಲ. ಅಡುಗೆಯವನು ಮತ್ತೆ ಬಂದ. ಈ ಸಲ ಕೈತೊಳೆಯುವ ನಲ್ಲಿ ಎಲ್ಲಿ ಬರಬೇಕೆಂದು ನೋಡಿದ. ನನ್ನ ಕಿಂಡಿಯ ಮುಂದೆಯೇ ಗೆರೆ ಎಳೆದ.

ಇನ್ಸ್‌ಪೆಕ್ಟರಮ್ಮನ ಕೆಲಸ ನೋಡುವುದೇ ಒಂದು ಚೆಂದ. ಪ್ರಿಂಟಿನ ಬಲ ಅಂಚಿನಲ್ಲಿ ಒಂದು ಕಂಬದ ನೆರಳಿತ್ತು. ಅದು ಯಾವ ಸೀಟಿನಿಂದ ಹಾಗೆ ಕಾಣುತ್ತದೆಂದು ತಿಳಿಯಲು ಅವರು ಸೀಟು ಸೀಟಿನಲ್ಲೂ ಕೂತು, ಫೋನು ಎತ್ತಿ ಹಿಡಿದು, ಎದ್ದು, ಪಕ್ಕದಲ್ಲಿ ಕೂತು, ಮತ್ತೆ ಎದ್ದರು. ಮುರಿದ ಸೀಟನ್ನೂ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವನು, ನಮ್ಮ ಖಾಯಂ ಗಿರಾಕಿ, ಇವರ ಕಷ್ಟ ನೋಡಲಾರದೆ ಟೀ ತಂದುಕೊಟ್ಟ. "ಇಂತಾ ಕಳ್ಳರನ್ನ ಬಿಡ್ಲೇ ಬಾರ್ದು ಮೇಡಂ" ಎಂದು ಹುರಿದುಂಬಿಸಿಯೂ ಹೋದ.

ಮೊದಲಾಳಿ ಮಾತ್ರ ಅವರ ಹಿಂದೆ ಹಿಂದೆಯೇ ಸುತ್ತುತ್ತಾ, "ಮಂಟಪ ಆದರೆ ಇಲ್ಲಿ ಹೋಮಕುಂಡ, ಅಲ್ಲಿ ಐಸ್‌ಕ್ರೀಮು" ಎಂದು ಒಂದೇ ಸಮನೆ ವಿವರಿಸುತ್ತಿದ್ದರು. ಕೊನೆಗೆ ಕಂಬದ ಪಕ್ಕದ ಸೀಟಿನಲ್ಲಿ ಫೋನಿನ ಚಿತ್ರವೂ ಎದುರಿನ ಪರದೆಯೂ ಸರಿಯಾಗಿ ಕೂಡಿದವು. ಇನ್ಸ್‌ಪೆಕ್ಟರಮ್ಮನ ಮುಖ ಅರಳಿತು. ಅದೇ ಹೊತ್ತಿಗೆ ಮೊದಲಾಳಿ ಪಾಯಸದ ವಿಷಯ ಎತ್ತಿದರು.

ಇನ್ಸ್‌ಪೆಕ್ಟರಮ್ಮ ತಿರುಗಿ, ತುಂಬಾ ವಿನಯದಿಂದ, ಪ್ರಿಂಟು ಕೇಳಿ ಕೇಳಿ ತಾವು ಕಲಿತಿದ್ದ ಒಂದೇ ಒಂದು ಕನ್ನಡ ಮಾತು ಆಡಿದರು: "ಲೇ, ಅದ್ರ ಬಾಯ್ ಮುಚ್ಚಲೇ."

ನಟಿಸಿದ ಕುರಿ

ಸೀಟು ಸಿಕ್ಕಿತು, ಆದರೆ ಅದರಲ್ಲಿ ಕೂತಿದ್ದವನು ಯಾರು? ನಮ್ಮಲ್ಲಿ ಸೀಟಿಗೆ ನಂಬರಿಲ್ಲ. ಕುರಿಮರಿ ತೀರಾ ಹತ್ತಿರದಿಂದ ಕೂಗಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡಿದ್ದವರು ಪಕ್ಕದ ಸೀಟಿನವನನ್ನು ನೋಡಿರಲೇಬೇಕು. ಹಾಗಾಗಿ ಇನ್ಸ್‌ಪೆಕ್ಟರಮ್ಮ ಸಂತೆಯ ದಿನ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ಸಣ್ಣ ಸ್ಪೀಕರಿಗೆ ಫೋನು ಸಿಕ್ಕಿಸಿ, ಕುರಿಗಳ ನಡುವೆ ನಿಂತು ಆ 'ಮೇ'ಯನ್ನು ಕೇಳಿಸಿದರು. ಇದು ಯಾರ ಮರಿ ಎಂದು ನಾನು ಕನ್ನಡದಲ್ಲಿ ಕೂಗಿ ಕೇಳಿದೆ.

ಅಲ್ಲೇ ಎಡವಟ್ಟಾಯಿತು. ಪೊಲೀಸರು ಕೇಳಿದರೆ ನಮ್ಮವರು ಸಾಮಾನ್ಯವಾಗಿ ತಮ್ಮ ಹೆಸರನ್ನೇ ಮರೆತುಬಿಡುತ್ತಾರೆ. ಆದರೆ ಮೊದಲು ಪಡದ ಮ್ಯೂಸಿಕ್ಕು, ಹೀರೋನ ಅಳು, ಅವು ನಿಂತ ಮೇಲೆ ಕುರಿಯ ದನಿ. ಕ್ಷಣದಲ್ಲಿ ಸಂತೆಯ ಆ ಕೊನೆಯಿಂದ ಈ ಕೊನೆಗೆ ಸುದ್ದಿ ಹರಡಿತು: "ನಮ್ಮ ಕಡೆ ಕುರಿ ಪಡದಲ್ಲಿ ಆಕ್ಟ್ ಮಾಡೈತೆ!"

"ಅದು ನಮ್ದು!" ಎಂದ ಒಬ್ಬ.

"ನಿಂದೆಂಗಾಯ್ತದೆ? ದನಿ ಕೇಳು, ಅಪ್ಪಟ ನಮ್ಮ ಅಟ್ಟಿದು!" ಎಂದ ಇನ್ನೊಬ್ಬ.

ಪಡವನ್ನೇ ನೋಡದವನೊಬ್ಬ ತನ್ನ ಮುದಿ ಟಗರನ್ನು ಮುಂದಕ್ಕೆ ಎಳೆದು ತಂದು, "ಅವಾಗ ಇದು ಮರಿ" ಎಂದ. ಪಡ ಬಂದು ಇನ್ನೂ ತಿಂಗಳಾಗಿರಲಿಲ್ಲ. ಈ ಗದ್ದಲದ ನಡುವೆ ಒಬ್ಬ ಕುರಿಯಕ್ಕ, ಸೊಂಟದ ಮೇಲೆ ಕಂದು ಬಣ್ಣದ ಮರಿಯೊಂದನ್ನು ಕೂರಿಸಿಕೊಂಡು, "ನಂದೇ ಕಣಮ್ಮಯ್ಯ, ನನ್ ಮಡ್ಲಲ್ಲೇ ಇತ್ತು" ಎಂದು ನನ್ನ ಸೆರಗೆಳೆದು ಹೇಳುತ್ತಿದ್ದಳು. ಅಷ್ಟು ಜನ ತಮ್ಮದೆಂದ ಮೇಲೆ ಯಾರನ್ನು ನಂಬುವುದು? ಪಕ್ಕದಲ್ಲಿ ಯಾರು ಕೂತಿದ್ದರೆಂದು ಕೇಳಿದರೆ, "ನಾ ಪಡ ನೋಡ್ಲಾ, ಪಕ್ಕದೋರ ಮಕ ನೋಡ್ಲಾ?" ಎಂದು ನನಗೇ ತಿರುಗಿಸಿ ಕೇಳಿದಳು.

ವಾಪಸು ಬರುವಾಗ ನನಗೆ ಅಳುವೇ ಬಂತು. ಕಿಂಡಿ ಹೋಯಿತು ಎಂದುಕೊಂಡೆ. ಇನ್ಸ್‌ಪೆಕ್ಟರಮ್ಮ ಜೀಪಿನಲ್ಲಿ ಕೂತು ಯೋಚಿಸುತ್ತಾ, "ಅಕ್ಕಾ, ಇವರಿಗೆಲ್ಲ ಎಷ್ಟು ಹೆಮ್ಮೆ ನೋಡಿದಿರಾ? ಈ ಊರಲ್ಲಿ ಜನಕ್ಕೆ ತುಂಬಾ ಹೆಮ್ಮೆಯಾದರೆ ಏನು ಮಾಡುತ್ತಾರೆ?" ಎಂದು ಕೇಳಿದರು.

"ಇನ್ನೇನು ಮಾಡ್ತಾರೆ ಮೇಡಂ, ಬಸ್‌ಸ್ಟ್ಯಾಂಡಲ್ಲಿ ಫ್ಲೆಕ್ಸು ಹಾಕಿಸ್ತಾರೆ."

"ಹಾಗಾದರೆ ಕಾಯೋಣ" ಎಂದರು.

ಫ್ಲೆಕ್ಸು

ಹೆಚ್ಚು ಕಾಯಬೇಕಾಗಲಿಲ್ಲ. ಮುಂದಿನ ಸಂತೆಯ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಆಲದ ಮರವೇ ಮುಚ್ಚಿಹೋಗುವಂಥ ಫ್ಲೆಕ್ಸು ಎದ್ದಿತ್ತು. ನಡುವೆ ಕುರಿಯಕ್ಕನ ಕಂದು ಮರಿ. ಕೊರಳಿಗೆ ಹಾರ, ತಲೆಗೆ ಕಿರೀಟ, ಕಣ್ಣಿಗೆ ಕಪ್ಪು ಕನ್ನಡಕ. 'ಬೆಳ್ಳಿತೆರೆ ಕಂಡ ನಮ್ಮ ಮನೆಯ ಕುರಿಗೆ ಹಾರ್ದಿಕ ಶುಭಾಶಯಗಳು' ಎಂದು ತಮಿಳಿನಲ್ಲಿ ದೊಡ್ಡ ಅಕ್ಷರ. ಕೆಳಗೆ ನಮ್ಮ ಕಡೆಯ ಪದ್ಧತಿಯಂತೆ ನೆಂಟರಿಷ್ಟರ ಸಣ್ಣ ಸಣ್ಣ ಫೋಟೋ, ಎಲ್ಲರ ಕಿವಿಯಲ್ಲೂ ಫೋನು.

ಮತ್ತೆ ಬಲಗಡೆ ಮೂಲೆಯಲ್ಲಿ, ಕುರಿಯಕ್ಕನ ಗಂಡನಿಗಿಂತಲೂ ದೊಡ್ಡದಾಗಿ, ಹೆಗಲ ಮೇಲೆ ಸಿನಿಮಾ ಕ್ಯಾಮೆರಾ ಹೊತ್ತು ನಗುತ್ತಾ ನಿಂತವನು ಮೊಬೈಲ್ ಅಂಗಡಿಯವನು. ಕೆಳಗೆ 'ಕ್ಯಾಮೆರಾ' ಎಂದು ಬರೆದು, ಅವನ ಹೆಸರು, ಅದರ ಕೆಳಗೆ ಫೋನ್ ನಂಬರು. ಊರಿನ ಫ್ಲೆಕ್ಸುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕೂಡಿಸಿಕೊಡುವವನು ಅವನೇ. ಅವನ ಫೋಟೋ ಹಾಕು ಎಂದು ಯಾರೂ ಕೇಳಿರಲಿಲ್ಲ, ತಾನೇ ಸೇರಿಸಿಕೊಂಡಿದ್ದ.

ಇನ್ಸ್‌ಪೆಕ್ಟರಮ್ಮ ಫ್ಲೆಕ್ಸಿನ ಮುಂದೆ ಭಕ್ತಿಯಿಂದ ನಿಂತು ಓದಿದರು. ಆಮೇಲೆ ಆ ನಂಬರಿಗೆ ಫೋನ್ ಮಾಡಿದರು. ರಸ್ತೆಯಾಚೆಯ ಅಂಗಡಿಯಲ್ಲಿ ರಿಂಗಾಯಿತು. "ಕುರಿ ಪಡದ ಕ್ಯಾಮೆರಾ ನಿಮ್ಮದಾ?" ಎಂದು ಕೇಳಿದರು.

"ನಂದೇ, ನಂದೇ!" ಎನ್ನುವುದು ಫೋನಿನಲ್ಲೂ ಕೇಳಿಸಿತು, ರಸ್ತೆಯಾಚೆಯಿಂದಲೂ ಕೇಳಿಸಿತು. "ಕಂಬದ ಪಕ್ಕ ಕೂತು ಒಂಚೂರು ಅಲ್ಲಾಡ್ದಂಗೆ ಇಡ್ದಿದ್ದು. ನಿಮ್ದು ಮದ್ವೆ ಆರ್ಡರಾ?"

ದೀಪಾವಳಿ

ದೀಪಾವಳಿ ಪಡ ನಮಗೆ ಬಂತು. ಬೆಳಗಿನ ಆಟಕ್ಕೇ ಕಿಂಡಿಯ ಮುಂದೆ ಸಾಲು ರಸ್ತೆಗೆ ಇಳಿದಿತ್ತು. ಎದುರು ಮನೆಯ ಮಾವ ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದು, ಸರ್ಟಿಫಿಕೇಟು ಬಂದು ಹೋದದ್ದಕ್ಕೇ ಶಿಳ್ಳೆ ಹಾಕಿದರು. ಅಡುಗೆಯವನೂ ಟಿಕೆಟ್ ಕೊಂಡ. ಅವನಿಗೆ ಟಿಕೆಟ್ ಹರಿದು ಕೊಡುವಾಗ ನನಗಾದ ಸುಖ ಹೇಳಲಾರೆ.

ಇನ್ಸ್‌ಪೆಕ್ಟರಮ್ಮ ಸೀರೆಯುಟ್ಟು ಬಂದು ಕಂಬದ ಪಕ್ಕದ ಸೀಟಿನಲ್ಲೇ ಕೂತರು. ಪಕ್ಕದಲ್ಲಿ ಕುರಿಯಕ್ಕ. ಮರಿ ಹಾಲು ಬಿಟ್ಟಿದ್ದರಿಂದ ಸ್ಟ್ಯಾಂಡಿನಲ್ಲಿ ಕಟ್ಟು ಎಂದು ನಾನು ತಕರಾರು ಎತ್ತಿದರೆ ಇನ್ಸ್‌ಪೆಕ್ಟರಮ್ಮ, "ಬಿಡಿ ಅಕ್ಕಾ, ಅದು ನಮ್ಮ ಸಾಕ್ಷಿ" ಎಂದು ಒಳಗೆ ಬಿಡಿಸಿದರು.

ಇಂಟರ್ವಲ್ಲಿನಲ್ಲಿ ಟೀ ಹಿಡಿದುಕೊಂಡು ಕಿಂಡಿಯ ಬಳಿ ಬಂದರು. ಪುಕ್ಕಟೆ ಸೈಟುಗಳನ್ನು ನಡೆಸುತ್ತಿದ್ದ ದೊಡ್ಡ ಗುಂಪೇ ಸಿಕ್ಕಿಬಿದ್ದಿದೆ ಎಂದು ಆ ವಾರ ಪೇಪರಿನಲ್ಲೆಲ್ಲ ಬಂದಿತ್ತು. ಮೊಬೈಲ್ ಅಂಗಡಿಯವನ ಬಾಯಿ ಹೇಗೆ ಬಿಡಿಸಿದಿರಿ ಮೇಡಂ, ಹೊಡೆದಿರಾ ಎಂದು ಕೇಳಿದೆ.

ಒಂದು ಏಟೂ ಹಾಕಲಿಲ್ಲವಂತೆ. ಜೀಪು ಹತ್ತಿದವನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದ. ಹೆದರಿಕೆಯೇನೋ ಎಂದು ಇವರು ಕೇಳಿದರೆ, ಅವನಿಗಿದ್ದದ್ದು ಹೆದರಿಕೆಯಲ್ಲ, ಕೋಪ. ಅವನು ಕಳಿಸಿದ್ದು ಒಂದೇ ಸೈಟಿಗೆ. ಅಲ್ಲಿಂದ ಮಿಕ್ಕ ಸೈಟಿನವರೆಲ್ಲ ಎತ್ತಿಕೊಂಡು, ಚಿತ್ರದ ಮೇಲೆ ತಂತಮ್ಮ ಹೆಸರು ಬರೆದುಕೊಂಡಿದ್ದರಂತೆ. ಇವನು ಒಬ್ಬೊಬ್ಬರನ್ನೂ ಪತ್ತೆಹಚ್ಚಿ ಫೋನಿನಲ್ಲಿ ಜಗಳ ಆಡಿದರೂ ತೆಗೆಯಲಿಲ್ಲವಂತೆ. ಅದಕ್ಕೇ ಫ್ಲೆಕ್ಸಿನಲ್ಲಾದರೂ ತನ್ನ ಹೆಸರಿರಲಿ ಎಂದು ಅಷ್ಟು ದೊಡ್ಡದಾಗಿ ಹಾಕಿಕೊಂಡದ್ದು.

"ಉಸಿರು ಬಿಗಿ ಇಡ್ಕೊಂಡು ಕಷ್ಟ ಬಿದ್ದು ತೆಗ್ದೋನು ನಾನು ಮೇಡಂ. ಒಂದು ಮಾತು ಕೇಳ್ದೆ ಕದ್ಕೊಂಡು ಓಗಿ ಅವ್ರ ಎಸ್ರು ಆಕ್ಕೊಂಡವ್ರೆ. ಇದು ನ್ಯಾಯವಾ? ಈ ದೇಶದಲ್ಲಿ ಕಾನೂನು ಐತಾ ಇಲ್ವಾ?" ಎಂದು ಕಣ್ಣಲ್ಲಿ ನೀರು ಹಾಕಿಕೊಂಡನಂತೆ.

"ಖಂಡಿತಾ ಇದೆ. ಅವರು ಯಾರ್ಯಾರು, ಎಲ್ಲೆಲ್ಲಿದ್ದಾರೆ ಹೇಳಪ್ಪ, ಒಬ್ಬರನ್ನೂ ಬಿಡುವುದಿಲ್ಲ" ಎಂದು ಇನ್ಸ್‌ಪೆಕ್ಟರಮ್ಮ ಬೆನ್ನು ತಟ್ಟಿದ್ದಾರೆ. ಮೇಚೇರಿಯಿಂದ ಸೇಲಂ ಮುಟ್ಟುವುದರೊಳಗೆ ಅವನು ಒಬ್ಬರನ್ನೂ ಬಿಡದೆ ಎಲ್ಲರ ಹೆಸರು, ಊರು, ನಂಬರು ಹೇಳಿ ಮುಗಿಸಿದ್ದಾನೆ.

"ಸ್ಟೇಷನ್ನಿಗೆ ಹೋದ ಮೇಲೆ ಅವನ ಮೇಲಿನ ಕೇಸು ಬರೆಯಲು ಕೂತೆ ಅಕ್ಕಾ" ಎಂದರು ಇನ್ಸ್‌ಪೆಕ್ಟರಮ್ಮ, ಟೀ ಲೋಟ ಕೆಳಗಿಟ್ಟು. "ನನ್ನ ಕೈ ಹಿಡಿದು ನಿಲ್ಲಿಸಿಬಿಟ್ಟ. 'ಮೊದ್ಲು ನನ್ ಕಂಪ್ಲೇಂಟ್ ಬರ್ಕೊಳ್ಳಿ ಮೇಡಂ, ಕಳ್ಳತನ ಆಗಿರೋದು ನಂದು' ಅಂದ."